ಫ್ರೇಮಕ್ಕ ನಿಲ್ಲಿಸಿದ ಪರದೆ

ಹೋದ ವಾರ ಶ್ರೀನಿವಾಸಪುರದಲ್ಲಿ ಒಬ್ಬ ಮಾವಿನ ಮಂಡಿಯವರ ಹೊಸ ಮನೆಗೆ ಫೋಟೋ ತೋರಿಸುವ ಟಿವಿ ಪರದೆ ಕೂರಿಸಿಕೊಡಲು ಹೋಗಿದ್ದೆ. ಹಜಾರದಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತು ಕಿಟಕಿಗೆ ಗಾಜು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಒಂದು ಪುಟ್ಟ ಸೀಸೆ, ಅದರ ತಳದಲ್ಲಿ ಸ್ವಲ್ಪ ಸೀಮೆಎಣ್ಣೆ. ಗಾಜು ಕತ್ತರಿಸುವ ಚಕ್ರವನ್ನು ಅದರಲ್ಲಿ ಅದ್ದಿ ಎಳೆದಾಗ ಸರ್ರನೆ ಸದ್ದಾಯಿತು, ಅದರ ಹಿಂದೆಯೇ ಆ ವಾಸನೆ ಬಂತು. ಸೀಮೆಎಣ್ಣೆ ಈಗ ಯಾರ ಮನೆಯಲ್ಲಿದೆ? ಈಗಿನ ಮಕ್ಕಳಿಗೆ ಆ ವಾಸನೆಯ ಹೆಸರೂ ಗೊತ್ತಿರಲಾರದು. ನನಗೆ ಮಾತ್ರ ಅದು ಒಬ್ಬ ಹೆಂಗಸಿನ ಕೈಯ ವಾಸನೆ. ಹಿಡಿದಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟುಬಿಟ್ಟೆ. "ಏನಮ್ಮ, ಗೋಡೆ ಸರಿಯಿಲ್ವಾ?" ಎಂದು ಮನೆಯವರು ಕೇಳಿದರು. ಗೋಡೆ ಚೆನ್ನಾಗಿಯೇ ಇತ್ತು.

ಊರೆಲ್ಲ ಅವರನ್ನು ಫ್ರೇಮಕ್ಕ ಎಂದು ಕರೆಯುತ್ತಿತ್ತು. ಮುಳಬಾಗಿಲಿನಲ್ಲಿ ನನ್ನ ಫೋಟೋ ಗ್ಯಾಲರಿ ಇದ್ದದ್ದು ಮೇಲ್ಮಹಡಿಯಲ್ಲಿ, ಅವರ ಅಂಗಡಿ ಅದರ ಕೆಳಗೆ. ಫೋಟೋಗಳಿಗೆ ಕಟ್ಟು ಹಾಕುವ ಆ ಅಂಗಡಿಯನ್ನು ಮೊದಲು ಅವರ ಯಜಮಾನರು ನಡೆಸುತ್ತಿದ್ದರಂತೆ. ಅವರು ಹೋದ ಮೇಲೆ ಅಕ್ಕನೇ ಕೂತರು. ನನ್ನ ತಾಯಿಗಿಂತ ದೊಡ್ಡವರು, ಆದರೂ ಕೋಲೂರಿಕೊಂಡು ಬರುವ ಮುದುಕರಿಗೂ ಅವರು ಅಕ್ಕನೇ. ದಪ್ಪ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೆರಳ ಸಂದಿಯಲ್ಲಿ ಯಾವಾಗಲೂ ಗಾಜಿನ ಸಣ್ಣ ಗೀರುಗಳು. ಅರ್ಧ ಕನ್ನಡ, ಅರ್ಧ ತೆಲುಗು, ಬೈಯುವಾಗ ಎರಡೂ ಪೂರ್ತಿ.

ಅವರ ಬೈಗುಳ ನನಗೆ ಮೊದಲ ದಿನವೇ ಸಿಕ್ಕಿತು. ನಾನು ಕೋಲಾರದ ಒಂದು ಕಲರ್ ಲ್ಯಾಬಿನಲ್ಲಿ ಕೆಲಸ ಕಲಿತು, ಮಾಲೂರಿನ ಕಡೆಯ ಮದುವೆಗಳಲ್ಲಿ ಫೋಟೋ ತೆಗೆದು, ಆಮೇಲೆ ತಲೆ ಕೆಟ್ಟು ಗ್ಯಾಲರಿ ಮಾಡಲು ಹೊರಟಿದ್ದೆ. ಸುತ್ತಲ ಹಳ್ಳಿಗಳ ಹಿರಿಯರ ಮುಖಗಳು, ಕೆರೆ ಏರಿಗಳು, ಟೊಮೊಟೊ ಕ್ರೇಟುಗಳ ಮೇಲೆ ಕೂತ ಹೆಂಗಸರು. ಎಲ್ಲವೂ ಗೋಡೆಯ ಮೇಲಿನ ಐದು ಪರದೆಗಳಲ್ಲಿ ಒಂದಾದ ಮೇಲೊಂದು ಬಂದುಹೋಗುತ್ತಿದ್ದವು. ಟಿಕೆಟ್ಟು ಬರೀ ನೆಪಕ್ಕೆ. ಬಂದವರು ತಮ್ಮ ಮನೆಯವರ ಚಿತ್ರ ತೆಗೆಸಿ, ಪ್ರಿಂಟು ಕೊಂಡು, ಮದುವೆ ಮನೆಗೆ ಪರದೆ ಬಾಡಿಗೆಗೆ ಹಿಡಿದರೆ ಅದು ವ್ಯಾಪಾರ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದಿದ್ದರು ನನ್ನಮ್ಮ. ನನಗೆ ಜುಟ್ಟಿರಲಿ, ಆಗ ತಲೆಯೇ ನಿಂತಿರಲಿಲ್ಲ.

ಪರದೆಗಳನ್ನು ಹಚ್ಚಿದ ದಿನ ಅಕ್ಕ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು ಐದನ್ನೂ ನೋಡಿದರು.

"ಏಮ್ಮಾ, ಇದು ಟಿವಿ ಅಂಗಡೀನಾ?"

"ಅಲ್ಲಕ್ಕ, ಫೋಟೋ ಗ್ಯಾಲರಿ."

"ಕಟ್ಟಿಲ್ಲ, ಗಾಜಿಲ್ಲ, ಮೊಳೆಯಿಲ್ಲ. ಇದ್ಯಾವ ಫೋಟೋನೇ? ಕರೆಂಟ್ ಹೋದ್ರೆ ಎಲ್ರೂ ಹೋದ್ರಾ?"

ಹೇಳಿ ಬಾಯಿ ಮುಚ್ಚುವುದರೊಳಗೆ ಕರೆಂಟ್ ಹೋಯಿತು. ನಮ್ಮೂರಿನ ಕರೆಂಟಿಗೆ ಅಷ್ಟು ಸಮಯಪ್ರಜ್ಞೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಅವರು ನಗುತ್ತಾ ಮೆಟ್ಟಿಲು ಇಳಿದು ಹೋದದ್ದು ಕೇಳಿಸಿತು. ಅಂದಿನಿಂದ ಯಾರಾದರೂ ಗ್ಯಾಲರಿ ಎಲ್ಲಿ ಎಂದು ಕೇಳಿದರೆ, "ಮೇಲೆ ಹೋಗಿ, ಅಲ್ಲಿ ಮನುಷ್ಯರು ಸಿಟಿ ಬಸ್ಸಿನ ಥರ ಬರ್ತಾರೆ, ಹೋಗ್ತಾರೆ" ಎಂದು ದಾರಿ ತೋರಿಸುತ್ತಿದ್ದರು. ತೋರಿಸುತ್ತಿದ್ದರು ಎನ್ನುವುದು ಮುಖ್ಯ. ತನ್ನ ಅಂಗಡಿಗೆ ಕುತ್ತು ತರುವವಳ ದಾರಿಯನ್ನು ಯಾರು ತೋರಿಸುತ್ತಾರೆ?

ಅವರ ಅಂಗಡಿಗೆ ಅದರದೇ ಕಟ್ಟುಪಾಡಿತ್ತು. ದೇವರ ಪಟಗಳು ಮೂಡಣ ಗೋಡೆಗೆ. ಮದುವೆ, ನಾಮಕರಣದ ಚಿತ್ರಗಳು ಬಾಗಿಲ ಪಕ್ಕದಲ್ಲಿ, ಬೀದಿಗೆ ಕಾಣುವ ಹಾಗೆ. ತೀರಿಕೊಂಡವರ ಚಿತ್ರಗಳು ಮಾತ್ರ ತೆಂಕಣ ಗೋಡೆಗೆ, ಮುಖ ಗೋಡೆಯ ಕಡೆಗೆ. ಮನೆಯವರು ಬಂದಾಗಲೇ ತಿರುಗಿಸಿ ತೋರಿಸುವುದು. ಇದ್ದವರ ಪಟ, ಹೋದವರ ಪಟ ಎರಡನ್ನೂ ಒಂದೇ ಕಾಗದದಲ್ಲಿ ಸುತ್ತುತ್ತಿರಲಿಲ್ಲ, ಒಂದೇ ಚೀಲದಲ್ಲಿ ಕಳಿಸುತ್ತಿರಲಿಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ಅರ್ಧ ಮನೆಗಳ ಹಿರಿಯರು ಅವರ ಕೈಯಲ್ಲಿ ಹಾದುಹೋಗಿದ್ದರು. ಹಾಗಾಗಿ ಇಂಥ ವಿಷಯದಲ್ಲಿ ಅವರ ಮಾತಿಗೆ ಪುರೋಹಿತರ ಮಾತಿನಷ್ಟೇ ತೂಕವಿತ್ತು. ನಾನು ಇದನ್ನೆಲ್ಲ ನೋಡುತ್ತಿದ್ದೆ, ಮೇಲಿನ ನನ್ನ ಪರದೆಗಳಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದುಕೊಂಡಿದ್ದೆ.

ಮೊದಲ ವರ್ಷ ಹಾಗೂ ಹೀಗೂ ನಡೆಯಿತು. ಜನ ನಿಧಾನವಾಗಿ ಬರತೊಡಗಿದರು. ತಮ್ಮ ಅಜ್ಜಿಯ ಮುಖವನ್ನು ಗೋಡೆಯಷ್ಟು ದೊಡ್ಡದಾಗಿ ನೋಡುವ ಆಸೆಗೆ ಹಳೆಯ ಚಿತ್ರಗಳನ್ನೂ ತಂದುಕೊಡುತ್ತಿದ್ದರು. ಅವನ್ನು ಸ್ಕ್ಯಾನ್ ಮಾಡಿ, ನಾನೇ ತೆಗೆದ ಚಿತ್ರಗಳ ಜತೆ ಸೇರಿಸುತ್ತಿದ್ದೆ. ಎಲ್ಲರ ಹಣೆಯೂ ಒಂದೇ ಎತ್ತರಕ್ಕೆ ಬರುವಂತೆ ಕೂರಿಸಿದ್ದು ನನ್ನ ಹೆಚ್ಚುಗಾರಿಕೆ. ಮುಖ ಬದಲಾದರೂ ಕಣ್ಣು ಅಲ್ಲಾಡದಂತೆ ಇರಲಿ ಎಂದು. ಅದೇ ಹೆಚ್ಚುಗಾರಿಕೆ ನನ್ನ ಬುಡಕ್ಕೆ ಬಂತು.

ಅದು ಹಿರಿಯರ ಹಬ್ಬದ ವಾರ. ನಮ್ಮ ಗಡಿಯ ಕಡೆ ಪೆದ್ದಲ ಪಂಡುಗ ಎನ್ನುತ್ತಾರೆ. ತಾಯಲೂರಿನ ಒಬ್ಬ ಹೆಂಗಸಿನ ತಾಯಿಯ ಚಿತ್ರ ಒಂದು ಪರದೆಯಲ್ಲಿ ಬರುತ್ತಿತ್ತು. ಆ ತಾಯಿಗೆ ಇದ್ದದ್ದು ಅದೊಂದೇ ಚಿತ್ರ, ಅದೂ ಯಾವುದೋ ಗುಂಪಿನ ಫೋಟೋದಿಂದ ಕತ್ತರಿಸಿ ತೆಗೆದದ್ದು. ನಾನು ಟೀ ಕುಡಿಯಲು ಕೆಳಗೆ ಹೋದಾಗ ಆಕೆ ಬಂದಿದ್ದಾಳೆ. ತಂದಿದ್ದ ಸೇವಂತಿಗೆ ಹಾರವನ್ನು ಪರದೆಯ ಮೇಲಂಚಿಗೆ ಹಾಕಿ, ತಾಯಿ ಬರುವವರೆಗೂ ಕಾದು, ಬಂದ ಕೂಡಲೇ ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಟ್ಟು, ಕೈಮುಗಿದು ಹೋಗಿದ್ದಾಳೆ. ತಾಯಿಯ ಪಟ ಕಂಡರೆ ಮಗಳು ಇನ್ನೇನು ಮಾಡಬೇಕು? ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಅದನ್ನೇ ಮಾಡುತ್ತಿದ್ದಳು.

ಆದರೆ ಪರದೆ ನಿಲ್ಲಲಿಲ್ಲ. ತಾಯಿ ಹೋದರು. ಅವರ ಜಾಗಕ್ಕೆ ದೇವರಾಯಸಮುದ್ರದ ನಿವೃತ್ತ ಮೇಷ್ಟ್ರು ಬಂದರು. ಬದುಕಿದ್ದ ಮೇಷ್ಟ್ರು! ಕೊರಳಿಗೆ ಹಾರ, ಹಣೆಗೆ ಕುಂಕುಮ. ಅದೃಷ್ಟ ನೋಡಿ, ತಮ್ಮ ಚಿತ್ರ ನೋಡಲೆಂದು ಮಗ, ಸೊಸೆ, ಮೊಮ್ಮಗಳನ್ನು ಕರೆದುಕೊಂಡು ಮೇಷ್ಟ್ರು ಅದೇ ಹೊತ್ತಿಗೆ ಮೆಟ್ಟಿಲು ಹತ್ತಿದ್ದರು. ನಾನು ಅವರ ಹಿಂದೆಯೇ ಬಂದೆ. ಪುಟ್ಟ ಮೊಮ್ಮಗಳು ತಾತನ ಕೈ ಜಗ್ಗಿ ಕೇಳಿತು:

"ತಾತ, ನೀನು ಸತ್ತೋಗಿದ್ಯಾ?"

ಮಗ ಕೂಗಾಡಿದರು. ಸೊಸೆ ಆ ಹಾರದ ಕಡೆ ನೋಡಲಾರದೆ ಮುಖ ತಿರುಗಿಸಿದರು. ನಾನು ಏನು ಹೇಳಿದೆನೋ ನೆನಪಿಲ್ಲ... ಮೇಷ್ಟ್ರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದದ್ದು ಮಾತ್ರ ಚೆನ್ನಾಗಿ ನೆನಪಿದೆ. ಮನೆಗೆ ಹೋದವರೇ ಮಲಗಿಬಿಟ್ಟರಂತೆ. ಊಟ ಬೇಡ, ನೀರೂ ಬೇಡ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಗ್ಯಾಲರಿಯಲ್ಲಿ ಮೇಷ್ಟ್ರಿಗೆ ಹಾರ ಹಾಕಿದ್ದಾರೆ ಎಂಬ ಸುದ್ದಿ ಸಂತೆ ಮುಗಿಯುವುದರೊಳಗೆ ಮೇಷ್ಟ್ರು ಹೋದರಂತೆ ಎಂದಾಯಿತು. ಹಳೆಯ ಶಿಷ್ಯರು ಹೂವಿನ ಹಾರ ಹಿಡಿದು ದೇವರಾಯಸಮುದ್ರಕ್ಕೆ ಹೋದರು, ಅಂಗಳದಲ್ಲೇ ಗೋಳೋ ಎಂದು ಅತ್ತರು. ಒಳಗೆ ಮಲಗಿದ್ದ ಮೇಷ್ಟ್ರು ಅದನ್ನೂ ಕೇಳಿಸಿಕೊಂಡರು. ಮಾರನೆಯ ದಿನ ಅವರ ಮಗ ನಮ್ಮ ಕಟ್ಟಡದ ಯಜಮಾನರ ಹತ್ತಿರ ಬಂದು ಹೋದರು. ಯಜಮಾನರು ನನ್ನನ್ನು ಕರೆಸಿ, ಅಮಾವಾಸ್ಯೆ ಕಳೆದ ಮೇಲೆ ಜಾಗ ಖಾಲಿ ಮಾಡಮ್ಮ ಎಂದರು. ಅಪಶಕುನದ ಅಂಗಡಿ ನಮಗೆ ಬೇಡ ಎಂದರು. ಚಿತ್ರ ಕೊಟ್ಟಿದ್ದವರೆಲ್ಲ ಬಂದು ವಾಪಸ್ ಕೇಳತೊಡಗಿದರು. ಒಪ್ಪಿಕೊಂಡಿದ್ದ ಎರಡು ಮದುವೆಗಳ ಕೆಲಸ ಕೈತಪ್ಪಿತು. ನನಗಿದ್ದದ್ದು ಅದೊಂದೇ ಕಸುಬು, ಅದೊಂದೇ ಜಾಗ.

ಪರದೆ ಆರಿಸಿ ಒಳಗೆ ಕೂತಿದ್ದೆ. ಅಕ್ಕ ಹತ್ತಿ ಬಂದರು.

"ಏನೇ, ಕರೆಂಟ್ ಹೋಯ್ತಾ?"

"ಖಾಲಿ ಮಾಡು ಅಂದವ್ರೆ ಅಕ್ಕ."

"ಒಳ್ಳೇದಾಯ್ತು ಬಿಡು. ನನ್ನ ಪಾಡಿಗೆ ನಾನು ವ್ಯಾಪಾರ ಮಾಡ್ಕೋತೀನಿ." ಎಂದು ಸ್ಟೂಲಿನ ಮೇಲೆ ಕೂತರು. ಆಮೇಲೆ ಸ್ವರ ಬದಲಾಯಿತು. "ಆ ತಾಯಲೂರಿನವಳು ಬೆಳಗಿಂದ ನನ್ನಂಗಡಿ ಮುಂದೆ ಕೂತು ಅಳ್ತಾವಳೆ ಕಣೇ. ಅಮ್ಮನಿಗೆ ಹೂವಾ ಹಾಕಿ ಒಬ್ಬರ ಪ್ರಾಣಕ್ಕೆ ಮುಳುವಾದೆ ಅಂತ ಅಳ್ತಾವಳೆ. ಹೆತ್ತವಳಿಗೆ ಹೂವಾ ಹಾಕಿದ್ದು ತಪ್ಪು ಅಂತ ಯಾವನಾದ್ರೂ ಅಂದ್ರೆ ನಾನು ಸುಮ್ನಿರಲ್ಲ. ಏಳು, ಸೀರೆ ಸರಿ ಮಾಡ್ಕೋ. ಬಸ್ಸು ಬರೋ ಹೊತ್ತು."

ದೇವರಾಯಸಮುದ್ರದವರೆಗೂ ಬಸ್ಸಲ್ಲಿ ನಿಂತೇ ಹೋದೆವು. ಮೇಷ್ಟ್ರ ಮನೆಯ ಹೊಸಿಲಲ್ಲಿ ಮಗ ನನ್ನನ್ನು ತಡೆಯಲು ಬಂದರು. ಅಕ್ಕ ಅವರನ್ನು ಕೈಯಿಂದ ಪಕ್ಕಕ್ಕೆ ಸರಿಸಿ, "ಮೊದಲು ಕಾಫಿ ಕೊಡ್ರಪ್ಪ, ಬಸ್ಸಲ್ಲಿ ನಿಂತ್ಕೊಂಡು ಬಂದಿದೀವಿ" ಎನ್ನುತ್ತಾ ನೇರ ಒಳಗೆ ಹೋಗಿ ಮಂಚದ ಪಕ್ಕ ಕೂತರು. ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಮೇಷ್ಟ್ರೇ, ಒಂದು ಕೇಳ್ತೀನಿ, ಹೇಳಿ. ಕಾಗೆ ಬಂದು ಮನುಷ್ಯನ ತಲೆಗೆ ಬಡಿದ್ರೆ ನಾವು ಏನ್ ಮಾಡ್ತೀವಿ?"

ಗೋಡೆಯ ಕಡೆಯಿಂದ ಕ್ಷೀಣ ಸ್ವರ ಬಂತು. "ಅವರು ಸತ್ತೋದ್ರು ಅಂತ ನೆಂಟರಿಗೆ ಸುದ್ದಿ ಕಳಿಸ್ತೀವಿ."

"ನೆಂಟರು ಅತ್ತ ಮೇಲೆ?"

"ಸುಳ್ಳು ಅಂತ ಹೇಳ್ತೀವಿ. ಅವರು ಅತ್ತುಬಿಟ್ರೆ ದೋಷ ಕಳೀತು ಅಂತ."

"ಮತ್ತೆ? ಯಾವ ಕಾಗೆ ನಿಮ್ಮ ತಲೆ ಮೇಲೆ ಯಾವಾಗ ಕೂತಿತ್ತೋ ನೀವು ನೋಡಿದ್ರಾ, ನಾನು ನೋಡಿದ್ನಾ? ಬಂದಿದ್ದ ದೋಷಾನ ಈ ಹುಡುಗಿ ಟಿವಿ ಕಳೆದುಹಾಕ್ತು. ನೆಂಟರಷ್ಟೇ ಅಲ್ಲ, ಇಡೀ ತಾಲ್ಲೂಕೇ ಬಂದು ಅತ್ತೋಯ್ತು. ತನಗಾಗಿ ಅಳೋರನ್ನ ಕಿವಿಯಾರೆ ಕೇಳೋ ಪುಣ್ಯ ಯಾರಿಗುಂಟು ಹೇಳಿ. ನನಗಂತೂ ಇಲ್ಲ. ನಾನು ಸತ್ರೆ, ಕೊಟ್ಟ ಪಟ ವಾಪಸ್ ಯಾರ ಹತ್ರ ಇಸ್ಕೊಳ್ಳೋದು ಅಂತ ಕೇಳ್ಕೊಂಡು ಬರ್ತಾರೆ ಜನ."

ಮೇಷ್ಟ್ರ ಬೆನ್ನು ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ಈ ಕಡೆ ಹೊರಳಿದಾಗ ನಗುತ್ತಿದ್ದರು.

"ಎಲ್ಲರಿಗಿಂತ ಜಾಸ್ತಿ ಅತ್ತವನು ಯಾರು ಗೊತ್ತಾ? ನನ್ನ ಕೈಯಲ್ಲಿ ದಿನಾ ಏಟು ತಿಂತಿದ್ದವನು. ಕಳ್ಳನನ್ಮಗ, ಅವನಿಗೆ ನನ್ನ ಮೇಲೆ ಪ್ರೀತಿ ಇತ್ತಂತೆ!" ಎಂದರು. ಆಮೇಲೆ ಸೊಸೆಯನ್ನು ಕರೆದು ಸಾರಿದ್ದರೆ ಮುದ್ದೆ ಹಾಕಮ್ಮ ಎಂದರು. ಬಾಗಿಲಲ್ಲಿ ನಿಂತಿದ್ದ ಮಗ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ವಾಪಸ್ ಬಸ್ಸಿನಲ್ಲಿ ಕೇಳಿದೆ, "ಅಕ್ಕ, ಪಟಕ್ಕೆ ಹಾರ ಬಿದ್ರೂ ಕಾಗೆ ಬಡಿದ ಲೆಕ್ಕಾನೇನಾ? ಶಾಸ್ತ್ರದಲ್ಲಿ ಹಂಗಿದ್ಯಾ?"

"ನಂಗೇನ್ ಗೊತ್ತೇ? ಮುದುಕ ಮುದ್ದೆ ಉಂಡನಾ ಇಲ್ವಾ? ಪೋನೀಲೆ, ಬಿಡು ಅತ್ಲಾಗೆ."

ಅಷ್ಟಕ್ಕೆ ಬಿಡಲಿಲ್ಲ ಅವರು. ಮೇಷ್ಟ್ರನ್ನೇ ಗ್ಯಾಲರಿಗೆ ಬರಹೇಳಿದ್ದರು. ಊರು ನೋಡುವಂತೆ, ಸಂತೆಯ ದಿನವೇ ಬಂದರು. ಅಕ್ಕ ಮುಟ್ಟಬೇಡ ಎಂದಿದ್ದಕ್ಕೆ ಹಾಗೇ ಇದ್ದು ಬಾಡಿಹೋಗಿದ್ದ ಹಾರವನ್ನು ತಮ್ಮ ಕೈಯಿಂದಲೇ ಪರದೆಯಿಂದ ತೆಗೆದು, ಮೂಲೆಯಲ್ಲಿ ಮುದುಡಿ ನಿಂತಿದ್ದ ತಾಯಲೂರಿನ ಹೆಂಗಸಿಗೆ ಕೊಟ್ಟು, "ನಿಮ್ಮಮ್ಮಂದು ಕಣಮ್ಮ, ತಪ್ಪಿ ನನಗೆ ಬಂದಿತ್ತು" ಎಂದರು. ಅದನ್ನು ನೋಡಲು ಮೆಟ್ಟಿಲ ತುಂಬ ಜನ. ಕಟ್ಟಡದ ಯಜಮಾನರೂ ಬಂದು ಹಿಂದೆ ನಿಂತಿದ್ದರು. ಖಾಲಿ ಮಾಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ತೆಂಕಣ ಗೋಡೆಯ ಪರದೆಯ ಮುಂದೆ ನಿಂತರು.

"ಇದೊಂದನ್ನ ನಿಲ್ಸು. ಸತ್ತೋರನ್ನ ಹಿಂಗೆ ಓಡಿಸ್ತಾ ಇರಬಾರದು ಕಣೇ. ಬದುಕಿದ್ದಾಗ ಓಡಿದ್ದು ಸಾಲದಾ? ಒಬ್ಬರಿಗೆ ಒಂದು ದಿನ ಅಂತ ಕೊಡು. ಪೂರ್ತಿ ಒಂದು ದಿನ."

ಮರುದಿನ ಅಂಗಡಿ ಮುಚ್ಚಿಕೊಂಡು ಬಂದು ಅಳತೆ ತೆಗೆದರು. ತೇಗದ ಪಟ್ಟಿಯಲ್ಲಿ ಪರದೆಗೊಂದು ಕಟ್ಟು ಮಾಡಿದರು. ಕುಂಕುಮ ಇಡಲು ಮೇಲ್ಪಟ್ಟಿ, ಹಾರಕ್ಕೆ ಎರಡು ಕೊಕ್ಕೆ, ಹೂವಿಗೆ, ಎಡೆಯ ಎಲೆಗೆ ಕೆಳಗೊಂದು ಹಲಗೆ. "ಟಿವಿಗೆ ಕಟ್ಟು ಹಾಕಿದ ಹೆಂಗಸು ಭೂಮಿ ಮೇಲೆ ನಾನೊಬ್ಬಳೇ" ಎಂದು ಬಂದವರಿಗೆಲ್ಲ ಹೇಳಿಕೊಂಡರು. ಆ ಪರದೆಯಲ್ಲಿ ಮೊದಲ ದಿನ ನಿಂತವರು ತಾಯಲೂರಿನ ಆ ತಾಯಿ. ಮಗಳು ಬೆಳಗ್ಗೆ ಬಂದವಳು ಸಂಜೆಯವರೆಗೂ ಅಮ್ಮನ ಎದುರು ಕೂತಿದ್ದಳು.

ನನ್ನ ಕಸುಬು ನಿಂತದ್ದು ಆ ಒಂದು ಪರದೆಯಿಂದ. ವರ್ಷಾಬ್ದಿಕಕ್ಕೆ, ಹಿರಿಯರ ಹಬ್ಬಕ್ಕೆ, ಸುಮ್ಮನೆ ನೆನಪಾದ ದಿನಕ್ಕೆ ಜನ ತಮ್ಮವರನ್ನು ಹಿಡಿದುಕೊಂಡು ಬರತೊಡಗಿದರು. ಶ್ರೀನಿವಾಸಪುರದಿಂದ ಬಂದರು, ಮಾಲೂರಿನಿಂದ ಬಂದರು. ಕೋಲಾರದಲ್ಲಿ ಇನ್ನೊಂದು ಗ್ಯಾಲರಿ ತೆರೆದೆ. ಅಲ್ಲೂ ತೆಂಕಣ ಗೋಡೆಯಲ್ಲಿ ಒಂದು ಪರದೆ ಬದಲಾಗುವುದಿಲ್ಲ. ಕೆಲವರು ಮನೆಗೇ ಪರದೆ ಹಾಕಿಸಿಕೊಳ್ಳುತ್ತಾರೆ. ಇವತ್ತು ನಾನು ತಿನ್ನುವ ಅನ್ನದಲ್ಲಿ ಅಕ್ಕನ ಪಾಲಿದೆ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗಿಲ್ಲ.

ಅವರ ವ್ಯಾಪಾರ ಮಾತ್ರ ಇಳಿಯಿತು. ಇಳಿಯದೆ ಏನು? ಕಟ್ಟು ಹಾಕಿಸುವವರು ಕಡಿಮೆಯಾದರು. ತೆಂಕಣ ಗೋಡೆಗೆ ಒರಗಿದ ಪಟಗಳು ವಿರಳವಾಗುತ್ತಾ ಬಂದವು. ಅಕ್ಕ ಅದನ್ನು ಮುಚ್ಚಿಡುತ್ತಿರಲಿಲ್ಲ. "ನನ್ನ ಹೊಟ್ಟೆ ಮೇಲೆ ಹೊಡೆದೋಳು ಇವಳೇ ನೋಡಿ" ಎಂದು ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಸುತ್ತಿದ್ದರು. ಮಾಡಿಸಿ, "ಹೋಗಿ, ಮೇಲೆ ಹೋಗಿ, ಚೆನ್ನಾಗಿ ಮಾಡ್ಕೊಡ್ತಾಳೆ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಅದರಲ್ಲಿ ಕಹಿ ಇರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ... ಇದ್ದಿದ್ದರೂ ಅದನ್ನು ನನ್ನ ಮೇಲೆ ಕಾರದಷ್ಟು ದೊಡ್ಡವರು ಅವರು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಕೆಮ್ಮು ಅಂದರು, ಆಸ್ಪತ್ರೆ ಅಂದರು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಳಗಿನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಾನು ತೆಗೆದಿದ್ದ ಅವರ ಚಿತ್ರವೊಂದು, ಗಾಜು ಎತ್ತಿ ಹಿಡಿದು ಬೆಳಕಿಗೆ ನೋಡುತ್ತಿರುವುದು, ಇದ್ದವರ ಪರದೆಯಲ್ಲಿ ಬಂದುಹೋಗುತ್ತಲೇ ಇತ್ತು. ಅದನ್ನು ತೆಗೆದು ತೆಂಕಣ ಗೋಡೆಯ ಪರದೆಗೆ ಹಾಕಲು ನನಗೆ ಆಗಿರಲಿಲ್ಲ. ದಿನಕ್ಕೆ ಎಷ್ಟೋ ಸಲ ಅವರು ಬರುತ್ತಿದ್ದರು. ಬರಲಿ ಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶ್ರೀನಿವಾಸಪುರದಿಂದ ವಾಪಸಾದ ಮಾರನೆಯ ದಿನ ಮಾಲೂರಿಗೆ ಕೊಟ್ಟಿದ್ದ ಅಕ್ಕನ ಮಗಳು ಬಂದಿದ್ದಳು. ಮೊದಲು ಬದಲಾಗುವ ಪರದೆಯನ್ನು ನೋಡಿದಳು. ಅಲ್ಲಿ ತಾಯಿಯನ್ನು ಕಂಡು, ಅವರು ಹೋಗುವವರೆಗೂ ನಿಂತಿದ್ದಳು.

"ಹಬ್ಬಕ್ಕೆ ಅಮ್ಮನಿಗೂ ಒಂದು ದಿನ ಕೊಡಕ್ಕ," ಎಂದಳು.

ಕೊಟ್ಟೆ. ನಿನ್ನೆ ಅಮಾವಾಸ್ಯೆ. ಬೆಳಗ್ಗೆಯಿಂದ ಫ್ರೇಮಕ್ಕ ತಾವೇ ಮಾಡಿದ ಕಟ್ಟಿನೊಳಗೆ ನಿಂತಿದ್ದರು. ಹೇಳಿ ಕಳಿಸಿರಲಿಲ್ಲ, ಆದರೂ ಜನ ಬಂದರು. ಅವರ ಕೈಯಲ್ಲಿ ಹಿರಿಯರಿಗೆ ಕಟ್ಟು ಹಾಕಿಸಿದ್ದ ಮನೆಗಳವರು, ಹಲಗೆ ಸಾಲದೆ ನೆಲದ ಮೇಲೂ ಹೂವಿಟ್ಟು ಹೋದರು. ಪಟ ವಾಪಸ್ ಕೇಳಲು ಯಾರೂ ಬಂದಿರಲಿಲ್ಲ. ದೇವರಾಯಸಮುದ್ರದ ಮೇಷ್ಟ್ರು ಮೊಮ್ಮಗಳ ಹೆಗಲು ಹಿಡಿದು ಬಂದು, ಅಕ್ಕನ ಎದುರು ಕೂತು, ಯಾರ ಮುಲಾಜೂ ಇಲ್ಲದೆ ಅತ್ತರು.

ಸಂಜೆ ಎಲ್ಲರೂ ಹೋದರು. ಪರದೆ ಆರಿಸಬೇಕಿತ್ತು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಎಂದು ಹೇಳಬಾರದು. ಅಕ್ಕ ಹೋದ ದಿನ ನಾನೂ ಬಾಯಿ ಬಿಗಿಹಿಡಿದು ಅವರ ಮನೆಯಿಂದ ಇಳಿದು ಬಂದಿದ್ದೆ. ನಿನ್ನೆ ಸ್ವಿಚ್ಚಿನ ಮೇಲೆ ಕೈಯಿಟ್ಟೆ.

"ಬರ್ತೀನಿ ಅಕ್ಕ," ಎಂದೆ.

ಹೇಳಬಾರದೆಂದು ಗೊತ್ತಿತ್ತು. ಹೇಳಿದ ಮೇಲೆಯೇ ಆರಿಸಲು ಸಾಧ್ಯವಾಯಿತು.